ಹೊರಗೆ ನಿಲ್ಲಿಸಿದರೆ ಅದು ಶಿಕ್ಷೆಯೋ, ಬಹುಮಾನವೋ?

ಪ್ರಶ್ನೆ: ಸಿಂಧನೂರಿನಲ್ಲಿ ಬಿ.ಇಡಿ. ಓದುತ್ತಿದ್ದೇನೆ, ಜೊತೆಗೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ತಯಾರಿಯೂ ನಡೆದಿದೆ. ಪಾವ್ಲೋವ್‌ನ ನಾಯಿ, ಸ್ಕಿನ್ನರ್‌ನ ಇಲಿ ಎರಡೂ ಬಾಯಿಪಾಠ. ಆದರೆ ಹೊಸ ಉದಾಹರಣೆ ಕೊಟ್ಟರೆ ಅದು ಅಭಿಜಾತ ಅನುಬಂಧನವೋ ಕ್ರಿಯಾಪ್ರಸೂತ ಅನುಬಂಧನವೋ ತಿಳಿಯುವುದಿಲ್ಲ. ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ ಎಂದು ಒಂದು ಗೈಡ್ ಹೇಳುತ್ತದೆ, ಅಲ್ಲ ಎಂದು ಇನ್ನೊಂದು. ಬೋಧನಾಭ್ಯಾಸಕ್ಕೆ ಹೋಗುವ ಶಾಲೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬನನ್ನು ಗಣಿತದ ಪಿರಿಯಡ್ಡಿನಲ್ಲಿ ಗಲಾಟೆಗಾಗಿ ದಿನಾ ಹೊರಗೆ ನಿಲ್ಲಿಸುತ್ತಾರೆ. ಗಲಾಟೆ ಹೆಚ್ಚೇ ಆಗಿದೆ. ನಾನು ಚಾಕ್ಲೇಟ್ ಕೊಟ್ಟು ನೋಡಿದೆ, ಎರಡು ದಿನ ನಡೆಯಿತು. ಎಲ್ಲಿ ತಪ್ಪುತ್ತಿದೆ? ಇನ್ನೊಂದು: ‘ವಾರವೆಲ್ಲ ಮನೆಗೆಲಸ ಮುಗಿಸಿದವರಿಗೆ ಶನಿವಾರದ ಕಿರುಪರೀಕ್ಷೆಯಿಂದ ವಿನಾಯಿತಿ’ ಎಂಬುದಕ್ಕೆ ಮಾದರಿ ಪತ್ರಿಕೆಯೊಂದರಲ್ಲಿ ‘ಧನಾತ್ಮಕ ಪುನರ್ಬಲನ’ ಎಂದು ಉತ್ತರ ಕೊಟ್ಟಿದ್ದಾರೆ. ಸರಿಯೇ?

ಉತ್ತರ: ಹುಡುಗನಿಂದಲೇ ಶುರು ಮಾಡೋಣ. ಉಳಿದ ಪ್ರಶ್ನೆಗಳ ಗಂಟೂ ಅಲ್ಲೇ ಬಿಚ್ಚುತ್ತದೆ.

ಬೋರ್ಡಿನ ಮೇಲೆ ಬೀಜೋಕ್ತಿಯ ಲೆಕ್ಕ ಬಿದ್ದಿದೆ ಅಂದುಕೊಳ್ಳಿ. ಇವನಿಗೆ ಮೊದಲ ಸಾಲೇ ತಲೆಗೆ ಹೋಗಿಲ್ಲ. ಇನ್ನೈದು ನಿಮಿಷಕ್ಕೆ ಮೇಷ್ಟ್ರು ಯಾರನ್ನೋ ಬೋರ್ಡಿಗೆ ಕರೆಯುತ್ತಾರೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತು. ಮುಂದಿನವನ ಬೆನ್ನಿಗೆ ಸ್ಕೇಲಿನಿಂದ ತಿವಿಯುತ್ತಾನೆ. ‘ಸರ್, ನೋಡ್ರಿ ಇವನ್ನ.’ ‘ಏಯ್, ಎದ್ದು ಹೊರಗ ನಡಿ.’ ಹುಡುಗ ತಲೆ ತಗ್ಗಿಸಿಕೊಂಡು ಏಳುತ್ತಾನೆ, ಬಾಗಿಲು ದಾಟಿದ ಮೇಲೆ ತಲೆ ಎತ್ತುತ್ತಾನೆ. ಹೊರಗೆ ಬೇವಿನ ನೆರಳು, ಬಿಸಿಯೂಟದ ಕೋಣೆಯಿಂದ ಒಗ್ಗರಣೆಯ ವಾಸನೆ, ಕಿಟಕಿಯಲ್ಲಿ ಗೆಳೆಯರ ಕಿಸಿಕಿಸಿ. ಬೀಜೋಕ್ತಿ ಒಳಗೇ ಉಳಿಯಿತು.

ಮೇಷ್ಟ್ರ ಪ್ರಕಾರ ಇದು ಶಿಕ್ಷೆ. ಮನೋವಿಜ್ಞಾನದ ಪ್ರಕಾರ ಪುನರ್ಬಲನ. ಈ ಶಾಸ್ತ್ರದಲ್ಲಿ ಕೊಟ್ಟವರ ಉದ್ದೇಶಕ್ಕೆ ಬೆಲೆಯಿಲ್ಲ. ಆ ವರ್ತನೆ ಮುಂದೆ ಹೆಚ್ಚಿತೋ, ಇಳಿಯಿತೋ ಎಂದು ನೋಡಿಯೇ ಹೆಸರಿಡಬೇಕು. ಹೆಚ್ಚಿದರೆ ಪುನರ್ಬಲನ, ಇಳಿದರೆ ಶಿಕ್ಷೆ. ಗಲಾಟೆ ಹೆಚ್ಚಿದೆ ಎಂದು ನೀವೇ ಬರೆದಿದ್ದೀರಿ. ಅಂದರೆ ಆ ಶಾಲೆಯಲ್ಲಿ ದಿನಾ ಒಂದು ಬಹುಮಾನ ವಿತರಣೆ ನಡೆಯುತ್ತಿದೆ, ಕೊಡುವವರಿಗೆ ಅದು ಗೊತ್ತಿಲ್ಲ ಅಷ್ಟೇ.

ಈಗ ‘ಋಣಾತ್ಮಕ’ದ ತಕರಾರು. ತಪ್ಪು ಅರ್ಧ ನಮ್ಮ ಭಾಷಾಂತರದ್ದು. ಪತ್ರಿಕೆಗಳಲ್ಲಿ ‘ಋಣಾತ್ಮಕ ಯೋಚನೆ’, ‘ಋಣಾತ್ಮಕ ಪರಿಣಾಮ’ ಎಂದು ಕೆಟ್ಟದ್ದೆಲ್ಲಕ್ಕೂ ಆ ಪದ ಅಂಟಿಸಿ, ಕಿವಿಗೆ ಬಿದ್ದ ಕೂಡಲೇ ಕಹಿ ಅನಿಸುವಂತಾಗಿದೆ. ಇಲ್ಲಿ ಅದನ್ನು ಗಣಿತದ ಮೇಷ್ಟ್ರ ಹಾಗೆ ಓದಿ. ಧನ ಅಂದರೆ ಕೂಡುವ ಚಿಹ್ನೆ: ವರ್ತನೆಯ ಬೆನ್ನಿಗೆ ಏನೋ ಒಂದು ಬಂದು ಸೇರಿತು. ಋಣ ಅಂದರೆ ಕಳೆಯುವ ಚಿಹ್ನೆ: ಇದ್ದದ್ದೇನೋ ಹೋಯಿತು. ಒಳ್ಳೆಯದು ಕೆಟ್ಟದ್ದರ ಮಾತೇ ಇಲ್ಲ.

ಮೇ ತಿಂಗಳ ರಾಯಚೂರಿನಲ್ಲಿ ಬೈಕ್ ಹತ್ತುವ ಮುಂಚೆ ಟವೆಲ್ ಒದ್ದೆ ಮಾಡಿ ತಲೆಗೆ ಸುತ್ತಿಕೊಳ್ಳುತ್ತೀರಿ. ಉರಿ ಇಳಿಯುತ್ತದೆ. ನಾಳೆಯೂ ಸುತ್ತಿಕೊಳ್ಳುತ್ತೀರಿ. ಉರಿ ಕಳೆಯಿತು, ಟವೆಲ್ ಸುತ್ತುವ ರೂಢಿ ಹೆಚ್ಚಿತು. ಋಣಾತ್ಮಕ ಪುನರ್ಬಲನ ಅಂದರೆ ಇಷ್ಟೇ. ಇದರಲ್ಲಿ ಶಿಕ್ಷೆ ಎಲ್ಲಿದೆ? ಗದ್ದೆ ಸೀಮೆಯಲ್ಲಿ ಸೊಳ್ಳೆ ಪರದೆ ಕಟ್ಟುವುದು, ತಲೆನೋವಿಗೆ ಮಾತ್ರೆ ನುಂಗುವುದು, ಹುಡುಗ ಬೀಜೋಕ್ತಿಯಿಂದ ಪಾರಾಗಲು ಸ್ಕೇಲು ತಿವಿಯುವುದು, ನಾಲ್ಕೂ ಒಂದೇ ಜಾತಿ. ಶಿಕ್ಷೆಯಲ್ಲೂ ಕೂಡು-ಕಳೆ ಇದೆ. ಬೈಗುಳ ಬಂದು ಬಿದ್ದು ವರ್ತನೆ ಇಳಿದರೆ ಧನಾತ್ಮಕ ಶಿಕ್ಷೆ. ಆಟದ ಪಿರಿಯಡ್ ಕಿತ್ತುಕೊಂಡಿದ್ದರಿಂದ ಇಳಿದರೆ ಋಣಾತ್ಮಕ ಶಿಕ್ಷೆ. ‘ಧನಾತ್ಮಕ ಶಿಕ್ಷೆ’ ಎಂಬ ಮಾತು ಕೇಳಿ ನಗು ಬಂದರೆ ಒಳ್ಳೆಯದು, ಪರೀಕ್ಷೆಯಲ್ಲಿ ಮರೆಯುವುದಿಲ್ಲ. ಎರಡೇ ಪ್ರಶ್ನೆ ಕೇಳಿಕೊಳ್ಳಿ, ಇದೇ ಕ್ರಮದಲ್ಲಿ: ವರ್ತನೆ ಹೆಚ್ಚಿತೇ, ಇಳಿಯಿತೇ? ಏನಾದರೂ ಬಂತೇ, ಹೋಯಿತೇ? ಕ್ರಮ ತಿರುವುಮುರುವು ಮಾಡಿದವರೇ ಹೆಚ್ಚು ಎಡವುವುದು.

ಒಂದೇ ಘಟನೆಯಲ್ಲಿ ಇಬ್ಬರು ಬೇರೆ ಬೇರೆ ಪಾಠ ಕಲಿಯುವುದೂ ಉಂಟು. ಗಂಗಾವತಿ ಬಸ್ ನಿಲ್ದಾಣದಲ್ಲಿ ನಾಲ್ಕು ವರ್ಷದ ಮಗು ಕುರುಕಲು ಪಾಕೀಟಿಗಾಗಿ ನೆಲಕ್ಕೆ ಬಿದ್ದು ಅಳುತ್ತದೆ, ಸುತ್ತಲಿನವರೆಲ್ಲ ನೋಡುತ್ತಾರೆ, ತಾಯಿ ಕೊಡಿಸುತ್ತಾಳೆ. ಮಗುವಿಗೆ ಅತ್ತದ್ದಕ್ಕೆ ಪಾಕೀಟು ಬಂತು: ಧನಾತ್ಮಕ ಪುನರ್ಬಲನ. ತಾಯಿಗೆ ಕೊಡಿಸಿದ್ದಕ್ಕೆ ರಂಪ ತಪ್ಪಿತು: ಋಣಾತ್ಮಕ ಪುನರ್ಬಲನ. ಮುಂದಿನ ಸಲ ಮಗು ಬೇಗ ಅಳುತ್ತದೆ, ತಾಯಿ ಬೇಗ ಪರ್ಸ್ ತೆಗೆಯುತ್ತಾಳೆ. ಒಬ್ಬರಿಗೊಬ್ಬರು ತರಬೇತಿ ಕೊಟ್ಟುಕೊಂಡಂತಾಯಿತು. ನಿಮ್ಮ ಹುಡುಗ ಮತ್ತು ಅವನ ಮೇಷ್ಟ್ರ ನಡುವೆಯೂ ಇದೇ ವ್ಯವಹಾರ. ಹೊರಗೆ ಕಳಿಸಿದ ತಕ್ಷಣ ತರಗತಿ ತಣ್ಣಗಾಗುತ್ತದಲ್ಲ, ಅದು ಮೇಷ್ಟ್ರಿಗೆ ಸಿಗುವ ಕೂಲಿ. ಪ್ರಯೋಜನವಿಲ್ಲದ ಶಿಕ್ಷೆಯೂ ವರ್ಷಗಟ್ಟಲೆ ಮುಂದುವರಿಯುವುದು ಇದಕ್ಕೇ.

ಇನ್ನು ಅನುಬಂಧನ, ಅಂದರೆ ಒಂದಕ್ಕೊಂದು ಜೋಡಿಸಿಕೊಂಡು ಕಲಿಯುವುದು. ಅದರ ಎರಡು ಬಗೆ ಅಭಿಜಾತ, ಕ್ರಿಯಾಪ್ರಸೂತ. ಇದಕ್ಕೂ ಒಂದು ಕೊಂಡಿ ಪ್ರಶ್ನೆಯಿದೆ: ಆ ಪ್ರಾಣಿ ಏನೂ ಮಾಡದೆ ಸುಮ್ಮನೆ ಇದ್ದರೂ ಮುಂದಿನದು ಬಂದೇ ಬರುತ್ತದೆಯೇ? ಹೌದಾದರೆ ಅಭಿಜಾತ. ಅದು ಏನಾದರೂ ಮಾಡಿದರೆ ಮಾತ್ರ ಬರುತ್ತದೆ ಎಂದಾದರೆ ಕ್ರಿಯಾಪ್ರಸೂತ. ಪಾವ್ಲೋವ್‌ನ ನಾಯಿ ಜೊಲ್ಲು ಸುರಿಸಿದರೂ ಬಿಟ್ಟರೂ ಸದ್ದಿನ ಬೆನ್ನಿಗೆ ಮಾಂಸದ ಪುಡಿ ಬರುತ್ತಿತ್ತು. ಸ್ಕಿನ್ನರ್‌ನ ಪೆಟ್ಟಿಗೆಯಲ್ಲಿ ಇಲಿ ಸನ್ನೆ ಒತ್ತದಿದ್ದರೆ ಕಾಳು ಇಲ್ಲ. ಥಾರ್ನ್‌ಡೈಕ್ 1898ರಲ್ಲಿ ಪಂಜರದಲ್ಲಿಟ್ಟ ಬೆಕ್ಕು ಅಗುಳಿ ತೆಗೆಯಲು ಕಲಿತದ್ದೂ ಇದೇ ಎರಡನೇ ಬಗೆ. ಸ್ಕಿನ್ನರ್ ಅದನ್ನೇ ಬೆಳೆಸಿ 1938ರಲ್ಲಿ ಪುಸ್ತಕವಾಗಿಸಿದ. ಅಂದಹಾಗೆ ಪಾವ್ಲೋವ್‌ಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಅನುಬಂಧನಕ್ಕೆ ಬಂತು ಎಂದು ಬರೆದ ಗೈಡ್ ನಿಮ್ಮ ಹತ್ತಿರವಿದ್ದರೆ ಆ ಸಾಲು ಹೊಡೆದುಹಾಕಿ.

ನಾಯಿಯನ್ನು ಬಿಟ್ಟು ಸಂಡೂರಿಗೆ ಬನ್ನಿ. ಗಣಿಯಲ್ಲಿ ಬ್ಲಾಸ್ಟಿಂಗ್‌ಗೆ ಮುಂಚೆ ಎಚ್ಚರಿಕೆಯ ಸೈರನ್ ಕೂಗುತ್ತದೆ. ಹೊಸದಾಗಿ ಬಂದು ನಿಂತ ನೆಂಟನಿಗೆ ಸೈರನ್ ಬರೀ ಶಬ್ದ. ಸಿಡಿತದ ಸದ್ದಿಗೆ ಮಾತ್ರ ಮೈ ಜುಂ ಅನ್ನುತ್ತದೆ. ಆ ಸಿಡಿತ ಸಹಜ ಪ್ರಚೋದನೆ, ಬೆಚ್ಚುವುದು ಸಹಜ ಪ್ರತಿಕ್ರಿಯೆ. ಕೆಲವು ಸಲ ಆದ ಮೇಲೆ ಸೈರನ್ ಕೇಳಿದರೇ ಹೆಗಲು ಬಿಗಿಯುತ್ತದೆ. ಸೈರನ್ ಅನುಬಂಧಿತ ಪ್ರಚೋದನೆಯಾಯಿತು, ಹೆಗಲು ಬಿಗಿಯುವುದು ಅನುಬಂಧಿತ ಪ್ರತಿಕ್ರಿಯೆ. ನೆಂಟ ಹೆಗಲು ಬಿಗಿದರೂ ಬಿಗಿಯದಿದ್ದರೂ ಸಿಡಿತ ನಿಲ್ಲುವುದಿಲ್ಲ, ಆದ್ದರಿಂದ ಅಭಿಜಾತ. ಆದರೆ ಸೈರನ್ ಕೇಳಿದ ಕೂಡಲೇ ಎರಡೂ ಕಿವಿಗೆ ಬೆರಳಿಟ್ಟು ಒಳಗೆ ಓಡಿದನೆಂದರೆ ಅದು ಕ್ರಿಯಾಪ್ರಸೂತ: ಓಡಿದ್ದರಿಂದ ಸದ್ದು ಕಡಿಮೆ ಕೇಳಿತು. ಒಂದೇ ಸೈರನ್, ಎರಡು ಕಲಿಕೆ. ಪರೀಕ್ಷೆಯವರು ಸಿಕ್ಕಿಸುವುದು ಇಲ್ಲೇ. ಪ್ರಶ್ನೆ ಕೇಳುತ್ತಿರುವುದು ಹೆಗಲಿನ ಬಗ್ಗೆಯೋ, ಓಟದ ಬಗ್ಗೆಯೋ ನೋಡಿಕೊಳ್ಳಿ.

ದರೋಜಿ ಕರಡಿಧಾಮದ್ದೂ ಇದೇ ಕಥೆ. ಮಧ್ಯಾಹ್ನ ಬಂಡೆಗಳಿಗೆ ಬೆಲ್ಲ-ಜೇನಿನ ಮಿಶ್ರಣ ಸವರುತ್ತಾರೆ, ಕರಡಿಗಳು ಗುಡ್ಡದಿಂದ ಇಳಿದು ಬಂದು ನೆಕ್ಕುತ್ತವೆ. ಇಳಿದು ಬರುವುದು ಕ್ರಿಯಾಪ್ರಸೂತ, ಏಕೆಂದರೆ ಬಾರದ ಕರಡಿಗೆ ಬೆಲ್ಲವಿಲ್ಲ. ವಾಸನೆ ಸಿಕ್ಕಾಗ ಬಾಯಲ್ಲಿ ನೀರೂರಿದರೆ ಅದು ಅಭಿಜಾತ. ಬಂಡಿಯ ಎಣ್ಣೆಯಲ್ಲಿ ಮಿರ್ಚಿ ಬಿದ್ದು ‘ಚೊಯ್ಯ್’ ಅಂದಾಗ ನಮಗೆ ಆಗುವುದೂ ಅದೇ. ಮಂಡಾಳ ಒಗ್ಗರಣೆಯ ತಟ್ಟೆ ಇನ್ನೂ ಕೈಗೆ ಬಂದಿರುವುದಿಲ್ಲ.

ಈ ಜೋಡಣೆ ಕೂಡಬೇಕಾದರೆ ಸೈರನ್ ಮೊದಲು, ಸಿಡಿತ ಆಮೇಲೆ. ತಿರುಗುಮುರುಗಾದರೆ ಕಲಿಕೆ ಬಹುತೇಕ ಕೂಡುವುದಿಲ್ಲ. ಕಣ್ಣು ಮಿಟುಕಿಸುವ ಪ್ರಯೋಗಗಳಲ್ಲಿ ಎರಡರ ನಡುವೆ ಅರ್ಧ ಸೆಕೆಂಡಿನ ಆಸುಪಾಸಿನ ಅಂತರವಿದ್ದರೆ ಕಲಿಕೆ ಗಟ್ಟಿ, ಅಂತರ ಕೆಲವೇ ಸೆಕೆಂಡಿಗೆ ಬೆಳೆದರೂ ಸಡಿಲ. ಬರೀ ಜೊತೆಯಲ್ಲಿ ಬಂದರೂ ಸಾಲದು, ಸೈರನ್ ಸುದ್ದಿ ಹೇಳಬೇಕು. ಸೈರನ್ ಇಲ್ಲದೆಯೂ ಸಿಡಿತ ಅಷ್ಟೇ ಸಲ ಆಗುತ್ತಿದ್ದರೆ ಸೈರನ್‌ಗೆ ಯಾರೂ ಬೆಚ್ಚುವುದಿಲ್ಲ. ರಾಬರ್ಟ್ ರೆಸ್ಕೋರ್ಲಾ 1968ರಲ್ಲಿ ಇಲಿಗಳಲ್ಲಿ ತೋರಿಸಿದ್ದು ಇದನ್ನೇ. ದೊಡ್ಡ ಅಪವಾದ ರುಚಿಯದು. ಜಾತ್ರೆಯಲ್ಲಿ ತಿಂದ ಹೊಸ ತಿಂಡಿ, ನಾಲ್ಕು ತಾಸಿನ ಮೇಲೆ ವಾಂತಿ, ಅವತ್ತಿನಿಂದ ಆ ತಿಂಡಿ ಕಂಡರೆ ಹೊಟ್ಟೆ ತೊಳೆಸುತ್ತದೆ. ಒಂದೇ ಸಲಕ್ಕೆ, ತಾಸುಗಟ್ಟಲೆ ಅಂತರವಿದ್ದರೂ. ಅದೂ ತಿಂಡಿಯ ಮೇಲೆಯೇ ಕೋಪ, ಜಾತ್ರೆಯ ದೀಪದ ಮೇಲಲ್ಲ. ಗಾರ್ಸಿಯಾ ಮತ್ತು ಕೋಲಿಂಗ್ 1966ರಲ್ಲಿ ಇಲಿಗಳಿಗೆ ರುಚಿ, ಬೆಳಕು, ಸದ್ದು ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದಾಗ, ಕಾಯಿಲೆ ಬಿದ್ದವು ರುಚಿಯನ್ನು ದೂರವಿಟ್ಟವು, ಶಾಕ್ ತಿಂದವು ಬೆಳಕು-ಸದ್ದನ್ನು. ಯಾವುದಕ್ಕೆ ಯಾವುದು ಬೇಗ ಅಂಟಬೇಕು ಎಂಬುದು ದೇಹದಲ್ಲಿ ಮೊದಲೇ ಸ್ವಲ್ಪ ಬರೆದಿರುತ್ತದೆ.

ಸೈರನ್ ಕೂಗಿ ಕೂಗಿ ಸಿಡಿತವೇ ಆಗದಿದ್ದರೆ ಪ್ರತಿಕ್ರಿಯೆ ನಶಿಸುತ್ತದೆ. ಆದರೆ ಅಳಿಸಿ ಹೋಗುವುದಿಲ್ಲ. ತಿಂಗಳು ಬಿಟ್ಟು ಒಮ್ಮೆ ಕೇಳಿದರೆ ಹೆಗಲು ಮತ್ತೆ ಬಿಗಿಯುತ್ತದೆ, ಇದಕ್ಕೆ ಸ್ವಯಂ ಚೇತರಿಕೆ ಎನ್ನುತ್ತಾರೆ. ಆಂಬುಲೆನ್ಸ್ ಸದ್ದಿಗೂ ಬೆಚ್ಚಿದರೆ ಸಾಮಾನ್ಯೀಕರಣ, ಗಣಿಯ ಸೈರನ್‌ಗೆ ಮಾತ್ರ ಬೆಚ್ಚಿದರೆ ವಿಭೇದೀಕರಣ. ಇವು ನಿಮಗೆ ಗೊತ್ತಿರುವ ಪದಗಳೇ, ಬಿಡಿ.

ಎರಡೂ ಕಲಿಕೆಗಳು ಬೆಸೆದುಕೊಂಡಾಗ ಮಾತ್ರ ನಿಜವಾದ ತೊಂದರೆ. ಅದಕ್ಕೆ ನಿಮ್ಮ ತರಗತಿಯೇ ಸಾಕ್ಷಿ. ಐದನೇ ತರಗತಿಯಲ್ಲಿ ಯಾರೋ ಮಗ್ಗಿ ತಪ್ಪಿದ್ದಕ್ಕೆ ಎಲ್ಲರ ಎದುರು ಹಂಗಿಸಿರುತ್ತಾರೆ. ಹಂಗಿಸಿದ್ದು ಸಹಜ ಪ್ರಚೋದನೆ, ಮಗ್ಗಿ ಅನುಬಂಧಿತ. ಭಯ ಅಲ್ಲಿ ಹುಟ್ಟಿತು. ವಾಟ್ಸನ್ ಮತ್ತು ರೇನರ್ 1920ರಲ್ಲಿ ಹನ್ನೊಂದು ತಿಂಗಳ ಕೂಸಿಗೆ ಬಿಳಿ ಇಲಿ ತೋರಿಸಿ, ಬೆನ್ನ ಹಿಂದೆ ಉಕ್ಕಿನ ಸರಳು ಬಡಿದು ಇದೇ ರೀತಿ ಭಯ ಕಟ್ಟಿದ್ದರು (ಇವತ್ತಾಗಿದ್ದರೆ ಯಾವ ನೈತಿಕ ಸಮಿತಿಯೂ ಒಪ್ಪುತ್ತಿರಲಿಲ್ಲ). ಭಯ ಹುಟ್ಟಿದ ಮೇಲೆ ಅದನ್ನು ಸಾಕುವ ಕೆಲಸ ಕ್ರಿಯಾಪ್ರಸೂತ ಕಲಿಕೆಯದು. ಗಲಾಟೆ ಮಾಡಿದರೆ ಹೊರಗೆ, ಹೊರಗೆ ಹೋದರೆ ಭಯ ಇಳಿಯಿತು. ಹೀಗೆ ತಪ್ಪಿಸಿಕೊಂಡಷ್ಟೂ, ‘ಗಣಿತ ಬಂತು, ಆದರೂ ಏನೂ ಕೆಟ್ಟದ್ದಾಗಲಿಲ್ಲ’ ಎಂದು ತಿಳಿಯುವ ಅವಕಾಶವೇ ಸಿಗುವುದಿಲ್ಲ. ಆದ್ದರಿಂದ ಭಯ ನಶಿಸುವುದಿಲ್ಲ. ಮೌರರ್ 1947ರಲ್ಲಿ ಕೊಟ್ಟ ಎರಡು ಹಂತದ ವಿವರಣೆ ಇದು. ಕಿರುಪರೀಕ್ಷೆಯ ದಿನವೇ ಹೊಟ್ಟೆನೋವು ಬರುವ ಮಕ್ಕಳಿಗೂ ಇದು ಹೊಂದುತ್ತದೆ, ಮತ್ತು ಆ ನೋವು ಅವರಿಗೆ ನಿಜವಾಗಿಯೂ ಇರುತ್ತದೆ.

ಮಾಡುವುದೇನು? ಮೊದಲು ಎಣಿಸಿ. ‘ಗಲಾಟೆ’ ಎಣಿಕೆಗೆ ಸಿಗುವ ಪದವಲ್ಲ. ‘ಪಕ್ಕದವರನ್ನು ಮುಟ್ಟುವುದು ಅಥವಾ ಕೈ ಎತ್ತದೆ ಕೂಗುವುದು’ ಎಂದು ಬರೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಮೂರು ಕಲಂ: ಮುಂಚೆ ಏನಾಯಿತು, ಇವನು ಏನು ಮಾಡಿದ, ನಂತರ ಏನು ಸಿಕ್ಕಿತು. ಐದು ದಿನ ಏನನ್ನೂ ಬದಲಿಸದೆ ಬರೀ ಬರೆಯಿರಿ. ಇದು ಬೇಸರದ ಕೆಲಸ, ಬಹಳ ಜನ ಬಿಡುವುದೂ ಇಲ್ಲೇ. ಬಿಟ್ಟರೆ ಆಮೇಲೆ ನೀವು ಮಾಡಿದ್ದು ಫಲ ಕೊಟ್ಟಿತೋ ಇಲ್ಲವೋ ಹೇಳಲು ಆಧಾರವೇ ಇರುವುದಿಲ್ಲ. ‘ಮುಂಚೆ’ ಕಲಮ್ಮಿನಲ್ಲಿ ಹೆಚ್ಚಿನ ಸಲ ‘ಬೋರ್ಡಿನ ಮೇಲೆ ಹೊಸ ಲೆಕ್ಕ’ ಎಂದಿದ್ದು, ‘ನಂತರ’ದಲ್ಲಿ ‘ಹೊರಗೆ’ ಎಂದಿದ್ದರೆ ಅವನು ದುಡಿಯುತ್ತಿರುವುದು ಬಿಡುಗಡೆಗೆ. ಹಾಗಲ್ಲದೆ ಲೆಕ್ಕ ಸುಲಭವಿದ್ದಾಗಲೂ ಗಲಾಟೆ ಇದ್ದು, ‘ನಂತರ’ದಲ್ಲಿ ‘ಎಲ್ಲರೂ ನಕ್ಕರು’, ‘ಮೇಷ್ಟ್ರು ಬೈದರು’ ಎಂದೇ ಇದ್ದರೆ ಅವನಿಗೆ ಬೇಕಾದದ್ದು ಗಮನ. ಮದ್ದು ಬೇರೆ ಬೇರೆ. ಇದನ್ನು ನೋಡದೆ ಕೊಟ್ಟದ್ದರಿಂದಲೇ ನಿಮ್ಮ ಚಾಕ್ಲೇಟ್ ಎರಡು ದಿನಕ್ಕೆ ಸೋತಿತು. ಬಿಡುಗಡೆ ಬೇಕಾದವನಿಗೆ ಸಿಹಿ ಕೊಟ್ಟರೆ, ಸಿಹಿ ತಿಂದು ಆಮೇಲೆ ಬಿಡುಗಡೆಯ ದಾರಿ ಹುಡುಕುತ್ತಾನೆ.

ಬಿಡುಗಡೆಗಾಗಿ ಎಂದು ಗೊತ್ತಾದರೆ, ಅದೇ ಬಿಡುಗಡೆಯನ್ನು ಕೆಲಸದ ಬೆನ್ನಿಗೆ ಕಟ್ಟಿ. ಅವನಿಗೆ ಖಂಡಿತ ಬರುವ ಮಟ್ಟದ ಎರಡು ಲೆಕ್ಕ ಕೊಡಿ, ಆರನೇ ತರಗತಿಯದ್ದಾದರೂ ಪರವಾಗಿಲ್ಲ. ಎರಡು ಮುಗಿದ ಕೂಡಲೇ ‘ಎರಡು ನಿಮಿಷ ನೀರು ಕುಡಿದು ಬಾ’ ಅನ್ನಿ. ಕೂಡಲೇ ಅಂದರೆ ಕೆಲವೇ ಸೆಕೆಂಡಿನಲ್ಲಿ. ಪಿರಿಯಡ್ ಮುಗಿದ ಮೇಲೆ ಕೊಟ್ಟರೆ ಆ ಹೊತ್ತಿಗೆ ಅವನು ಏನು ಮಾಡುತ್ತಿದ್ದನೋ ಅದಕ್ಕೆ ಅಂಟುತ್ತದೆ. ಮೊದಲ ವಾರ ಪ್ರತಿ ಸಲ ಕೊಡಿ. ಆಮೇಲೆ ಮೂರು ಲೆಕ್ಕಕ್ಕೆ, ಐದಕ್ಕೆ, ನಂತರ ಒಮ್ಮೆ ನಾಲ್ಕಕ್ಕೆ ಒಮ್ಮೆ ಏಳಕ್ಕೆ ಎಂದು ಅಂದಾಜು ಸಿಗದ ಹಾಗೆ. ಎರಡರಿಂದ ಒಮ್ಮೆಲೇ ಹತ್ತಕ್ಕೆ ಜಿಗಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ. ಲೆಕ್ಕದ ಮಟ್ಟವನ್ನೂ ಹೀಗೆಯೇ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಹತ್ತರಲ್ಲಿ ಎಂಟು ಸರಿ ಬರುವವರೆಗೆ ಮುಂದಿನ ಮೆಟ್ಟಿಲು ಬೇಡ. ಮೇರಿ ಕವರ್ ಜೋನ್ಸ್ 1924ರಲ್ಲಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗುವಿನ ಭಯ ಬಿಡಿಸಿದ್ದರಲ್ಲೂ ಇದೇ ತಾಳ್ಮೆ ಇತ್ತು: ಮಗು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ಬರಬರುತ್ತಾ ಹತ್ತಿರ ತರುವುದು.

ಅದರ ಜೊತೆಗೆ, ಗಲಾಟೆಗೆ ಹೊರಗೆ ಕಳಿಸುವುದು ಪೂರ್ತಿ ನಿಲ್ಲಬೇಕು. ನಿಂತ ಮೊದಲ ದಿನಗಳಲ್ಲಿ ಗಲಾಟೆ ಏರಬಹುದು, ಇದನ್ನು ಮೊದಲೇ ತಿಳಿದಿರಿ. ಬೋರ್‌ವೆಲ್ಲಿನ ಸ್ವಿಚ್ ಒತ್ತಿದಾಗ ಮೋಟಾರ್ ಹತ್ತದಿದ್ದರೆ ನಾವು ಸುಮ್ಮನೆ ಹಿಂತಿರುಗುತ್ತೇವೆಯೇ? ಹತ್ತು ಸಲ ಒತ್ತಿ, ಪೆಟ್ಟಿಗೆಗೊಂದು ಗುದ್ದಿ ಆಮೇಲೆ ಬಿಡುತ್ತೇವೆ. ಆ ಗುದ್ದಿನ ಹೊತ್ತಿಗೆ ಸೋತು ‘ನಡಿ ಹೊರಗ’ ಅಂದರೆ ಹಿಂದಿಗಿಂತ ಕೆಟ್ಟ ಸ್ಥಿತಿ: ಗಟ್ಟಿಯಾಗಿ ಮಾಡಿದರೆ ಸಿಗುತ್ತದೆ, ಆಗಾಗ ಸಿಗುತ್ತದೆ ಎಂದು ಕಲಿತ. ಆಗಾಗ ಮಾತ್ರ ಪುನರ್ಬಲನ ಸಿಕ್ಕ ವರ್ತನೆಯೇ ಎಲ್ಲಕ್ಕಿಂತ ಹಠಮಾರಿ. ಬಸ್ ನಿಲ್ದಾಣದ ತಾಯಿ ಹತ್ತರಲ್ಲಿ ಎರಡು ಸಲ ಸೋತರೂ ಸಾಕು. ಇನ್ನೊಬ್ಬರಿಗೆ ಪೆಟ್ಟಾಗುವಂಥದ್ದನ್ನು ಮಾತ್ರ ಆ ಕ್ಷಣವೇ ತಡೆಯಿರಿ, ಅಲ್ಲಿ ಕಾದು ನೋಡುವ ಮಾತಿಲ್ಲ.

ಬಾಸುಂಡೆ ಬರುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಇರದಿದ್ದರೂ ಲೆಕ್ಕ ಕೂಡುವುದಿಲ್ಲ: ಏಟು ಕೊಡುವವರು ಎದುರಿಗಿದ್ದಾಗ ಮಾತ್ರ ವರ್ತನೆ ಅಡಗುತ್ತದೆ, ಬದಲಿಗೆ ಏನು ಮಾಡಬೇಕೆಂದು ಅದು ಹೇಳಿಕೊಡುವುದಿಲ್ಲ, ಮತ್ತು ಏಟಿನ ಭಯ ವಿಷಯಕ್ಕೂ ಮೇಷ್ಟ್ರಿಗೂ ಅಂಟುತ್ತದೆ.

ಚಾಕ್ಲೇಟಿನ ಬಗ್ಗೆ ಇನ್ನೊಂದು ಮಾತು. ಮಕ್ಕಳು ತಾವಾಗಿಯೇ ಖುಷಿಯಿಂದ ಮಾಡುತ್ತಿರುವುದಕ್ಕೆ ಲಂಚದಂತೆ ಬಹುಮಾನ ಒಡ್ಡಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ನರ್ಸರಿ ಮಕ್ಕಳಲ್ಲಿ ನೋಡಿದ್ದು ಇದನ್ನು: ‘ಚಿತ್ರ ಬಿಡಿಸಿದರೆ ಪ್ರಮಾಣಪತ್ರ’ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಮುಂದೆ ಬಹುಮಾನವಿಲ್ಲದ ದಿನಗಳಲ್ಲಿ ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಅನಿರೀಕ್ಷಿತವಾಗಿ ಪ್ರಮಾಣಪತ್ರ ಪಡೆದವರಲ್ಲಿ ಈ ಇಳಿತ ಕಾಣಲಿಲ್ಲ. ಗಣಿತ ಕಂಡರೆ ಓಡುವವನಿಗೆ ಈ ಅಪಾಯ ಸದ್ಯಕ್ಕಿಲ್ಲ, ಕಳೆದುಕೊಳ್ಳಲು ಅವನಲ್ಲಿ ಆಸಕ್ತಿಯೇ ಉಳಿದಿಲ್ಲವಲ್ಲ. ಅವನಿಗೆ ಸಿಹಿಗಿಂತ ಕಬಡ್ಡಿ ಇಷ್ಟವಾದರೆ ಲೆಕ್ಕದ ನಂತರ ಕಬಡ್ಡಿ ಇಡಿ. ಬಿಟ್ಟರೆ ಮಗು ತಾನಾಗಿ ಹೆಚ್ಚು ಮಾಡುವ ಕೆಲಸವೇ ಕಡಿಮೆ ಮಾಡುವ ಕೆಲಸಕ್ಕೆ ಪುನರ್ಬಲನವಾಗುತ್ತದೆ ಎಂಬುದು ಡೇವಿಡ್ ಪ್ರಿಮ್ಯಾಕ್ ಕಂಡ ಸೂತ್ರ, ಖರ್ಚೂ ಇಲ್ಲ. ಎರಡು ವಾರ ಕ್ರಮವಾಗಿ ಮಾಡಿಯೂ ಎಣಿಕೆ ಇಳಿಯದಿದ್ದರೆ ಹುಡುಗನನ್ನು ದೂರಬೇಡಿ; ನೀವು ಪುನರ್ಬಲನ ಎಂದುಕೊಂಡದ್ದು ಅವನಿಗೆ ಪುನರ್ಬಲನವಲ್ಲ. ಮೂರು ಕಲಮ್ಮಿಗೆ ವಾಪಸ್ ಹೋಗಿ.

ಕೊನೆಗೆ ನಿಮ್ಮ ಮಾದರಿ ಪತ್ರಿಕೆ. ವಿನಾಯಿತಿ ಕೇಳಲು ಹಿತವಾಗಿದೆ, ಅದಕ್ಕೇ ‘ಧನಾತ್ಮಕ’ ಎಂದು ಹಾಕಿಬಿಟ್ಟಿದ್ದಾರೆ. ಕ್ರಮವಾಗಿ ಕೇಳಿ: ಮನೆಗೆಲಸ ಮಾಡುವುದು ಹೆಚ್ಚಲಿ ಎಂದು ಕೊಟ್ಟದ್ದು, ಹೆಚ್ಚಿದರೆ ಪುನರ್ಬಲನ. ಬಂದದ್ದೇನೂ ಇಲ್ಲ, ಪರೀಕ್ಷೆ ಹೋಯಿತು, ಆದ್ದರಿಂದ ಋಣಾತ್ಮಕ ಪುನರ್ಬಲನ. ಆ ಕೀ ಉತ್ತರ ತಪ್ಪು. ತರಗತಿಯಲ್ಲಿ ಇದನ್ನು ನಿಜವಾಗಿ ಜಾರಿಗೆ ತರುವುದಾದರೆ ಒಂದು ಎಚ್ಚರಿಕೆ: ಕಿರುಪರೀಕ್ಷೆ ಎಂದರೆ ಖುಷಿಯಾಗುವ ನಾಲ್ಕೈದು ಮಕ್ಕಳು ಮುಂದಿನ ಬೆಂಚಿನಲ್ಲಿ ಇದ್ದೇ ಇರುತ್ತಾರೆ. ವಿನಾಯಿತಿ ಶುರುವಾದ ಮೇಲೆ ಅವರ ಮನೆಗೆಲಸ ಇಳಿಯುತ್ತಿದೆಯೇ ಎಂದು ಬೇರೆಯಾಗಿ ಎಣಿಸಿ.